ಹಳೇ ಬಾಗಿಲಿನ ಫೋಟೊ: ಓರೆ ಕ್ಯಾಮೆರಾದ್ದೋ, ಬಾಗಿಲದ್ದೋ?

ಹಳೇ ಮನೆಗಳ ಫೋಟೊ ತೆಗೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ‘ಕಣ್ಣಿಗೆ ನೆಟ್ಟಗೆ ಕಂಡ ಬಾಗಿಲು ಫೋಟೊದಲ್ಲಿ ಹಿಂದಕ್ಕೆ ಬಿದ್ದ ಹಾಗೆ ಯಾಕೆ ಬರುತ್ತೆ? ಅದನ್ನ ಸರಿ ಮಾಡೋದು ಹೇಗೆ?’ ಕೇಳುವವರಲ್ಲಿ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಸೂರು ತಗ್ಗು, ಜಗಲಿ ಎತ್ತರ, ಬಾಗಿಲು ಗಿಡ್ಡ. ಬಯಲುಸೀಮೆಯ ಬೀದಿಯಲ್ಲಿ ನಿಂತು ಬಾಗಿಲು ತೆಗೆದಷ್ಟು ಸಲೀಸಲ್ಲ ಇಲ್ಲಿನದು.

ಉತ್ತರ ಎರಡು ಭಾಗದ್ದು. ಮೊದಲನೆಯದು ಸ್ಥಳದಲ್ಲೇ ಆಗಬೇಕಾದ ಕೆಲಸ, ಎರಡನೆಯದು ಮನೆಗೆ ಬಂದು ತಿದ್ದುವುದು. ಇವೆರಡಕ್ಕೂ ಮೊದಲು ಒಂದು ವಿಷಯ ತಲೆಯಲ್ಲಿರಲಿ. ನೂರು ಮಳೆಗಾಲ ಕಂಡ ಬಾಗಿಲು ತಾನೂ ಸ್ವಲ್ಪ ವಾಲಿರುತ್ತದೆ. ಗೋಡೆ ಕುಸಿದಿರುತ್ತದೆ, ದಾರಂದ, ಅಂದರೆ ಬಾಗಿಲ ಚೌಕಟ್ಟು, ಒಂದು ಬದಿಗೆ ಇಳಿದಿರುತ್ತದೆ. ಆ ಓರೆಯನ್ನು ಅಳಿಸಬಾರದು. ನಾವು ಅಳಿಸಬೇಕಾದ್ದು ಕ್ಯಾಮೆರಾದಿಂದ ಬಂದ ಓರೆಯನ್ನು ಮಾತ್ರ. ಎಲ್ಲವನ್ನೂ ಸ್ಕೇಲಿನಲ್ಲಿ ಗೆರೆ ಎಳೆದಂತೆ ಮಾಡಿಬಿಟ್ಟರೆ ಸಿಗುವುದು ಹಾರ್ಡ್‌ವೇರ್ ಅಂಗಡಿಯ ಕ್ಯಾಟಲಾಗ್.

ಓರೆ ಬರುವುದು ಎಲ್ಲಿಂದ

ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಪ್ಪಟೆ ಭಾಗಕ್ಕೆ ಸೆನ್ಸರ್ ಅನ್ನುತ್ತಾರೆ. ಸೆನ್ಸರ್ ಮತ್ತು ಬಾಗಿಲು ಎದುರುಬದುರಾಗಿ ಸಮಾನಾಂತರವಾಗಿದ್ದರೆ ನೇರ ಗೆರೆಗಳು ನೇರವಾಗಿಯೇ ಬರುತ್ತವೆ. ಫೋನನ್ನು ಮೇಲಕ್ಕೆ ಎತ್ತಿ ವಾಲಿಸಿದರೆ ಬಾಗಿಲಿನ ಮೇಲ್ಭಾಗ ಸೆನ್ಸರಿನಿಂದ ‘ದೂರ’ ಆಗುತ್ತದೆ. ದೂರದ್ದು ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಹಾಗಾಗಿ ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಬರುತ್ತದೆ. ಕೆಳಕ್ಕೆ ಬಗ್ಗಿಸಿದರೆ ಇದು ಉಲ್ಟಾ. ಪಕ್ಕಕ್ಕೆ ತಿರುಗಿಸಿದರೆ ಒಂದು ಬದಿ ಎತ್ತರ, ಇನ್ನೊಂದು ಬದಿ ಗಿಡ್ಡ. ಇದನ್ನೇ ಪರ್ಸ್‌ಪೆಕ್ಟಿವ್ ದೋಷ ಎನ್ನುತ್ತಾರೆ. ದೋಷ ಅನ್ನುವ ಮಾತೇ ಸ್ವಲ್ಪ ಅನ್ಯಾಯದ್ದು. ಲೆನ್ಸ್ ಏನೂ ತಪ್ಪು ಮಾಡಿಲ್ಲ, ನಾವು ವಾಲಿಸಿದ್ದನ್ನು ಅದು ನಿಯತ್ತಾಗಿ ತೋರಿಸಿದೆ ಅಷ್ಟೆ.

ಇದರ ಜೊತೆ ಗೊಂದಲ ಆಗುವ ಇನ್ನೊಂದಿದೆ: ಬ್ಯಾರೆಲ್ ಡಿಸ್ಟಾರ್ಷನ್. ಫೋನಿನ 0.5ಎಕ್ಸ್ ಲೆನ್ಸ್‌ನಂಥ ಅಗಲ ನೋಟದ ಲೆನ್ಸ್‌ಗಳಲ್ಲಿ ನೇರ ಗೆರೆ ಹೊರಕ್ಕೆ ಉಬ್ಬಿ ಬಾಗುತ್ತದೆ. ಪರ್ಸ್‌ಪೆಕ್ಟಿವ್‌ನಲ್ಲಿ ಗೆರೆ ವಾಲುತ್ತದೆ, ಆದರೆ ಬಾಗುವುದಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಏನೇನು ಬೇಕು

ಒಂದು ಫೋನ್ ಸಾಕು. ಕ್ಯಾಮೆರಾ ಇದ್ದರೆ ಒಳ್ಳೆಯದು. ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಎರಡು ಉದ್ದ ದಾರ, ಕಟ್ಟಲು ಎರಡು ತೂಕದ ವಸ್ತು (ಬೀಗದ ಕೈ ಗೊಂಚಲು ನಡೆಯುತ್ತದೆ), ಒಂದು ಅಳತೆ ಟೇಪು, ಲೆನ್ಸ್ ಒರೆಸಲು ಮೆತ್ತನೆ ಬಟ್ಟೆ. ದಾರ ಯಾಕೆ ಎಂದು ಮುಂದೆ ಹೇಳುತ್ತೇನೆ. ಈ ಲೇಖನದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಟಿಲ್ಟ್-ಶಿಫ್ಟ್ ಲೆನ್ಸ್ ಎಂಬ ವಿಶೇಷ ಲೆನ್ಸ್ ಇದೆ. ಕ್ಯಾಮೆರಾವನ್ನು ವಾಲಿಸದೆ ಲೆನ್ಸನ್ನು ಮಾತ್ರ ಮೇಲೆ ಕೆಳಗೆ ಸರಿಸಬಹುದು. ನಿಕಾನ್ ಕಂಪನಿ 1960ರ ದಶಕದ ಆರಂಭದಲ್ಲೇ 35 ಮಿಮೀ ಶಿಫ್ಟ್ ಲೆನ್ಸ್ ತಂದಿತ್ತು. ಅದಕ್ಕೂ ಮೊದಲು ತಿದಿಯಂತೆ ಮಡಿಕೆ ಇರುವ ದೊಡ್ಡ ಕ್ಯಾಮೆರಾಗಳಲ್ಲಿ ಕಟ್ಟಡದ ಫೋಟೊ ತೆಗೆಯುತ್ತಿದ್ದದ್ದು ಇದೇ ಉಪಾಯದಿಂದ. ಇವತ್ತು ಹೊಸದಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಕೊಳ್ಳಬೇಡಿ. ಅದೇ ಕೆಲಸವನ್ನು ಪುಕ್ಕಟೆ ಮಾಡುವ ದಾರಿ ಮೂರನೇ ಹಂತದಲ್ಲಿದೆ.

1. ಕೇಳಿ, ಕಾಲ ನೋಡಿ ಹೋಗಿ

ಮನೆಯ ಬಾಗಿಲಾದರೆ ಅಂಗಳದಲ್ಲೇ ನಿಂತು ಕೂಗಿ. ‘ಅಮ್ಮಾ, ನಿಮ್ಮ ಹೆಬ್ಬಾಗಿಲಿನ ಒಂದು ಫೋಟೊ ತಗೊಳ್ಳಬಹುದಾ?’ ಅಂದರೆ ಸಾಕು. ಬೇಡ ಅನ್ನುವವರು ಕಡಿಮೆ, ಕಾಫಿ ಕುಡಿಯದೆ ಬಿಡದವರು ಜಾಸ್ತಿ. ಜಗಲಿ ಹತ್ತುವ ಮೊದಲು ಚಪ್ಪಲಿ ಬಿಡಿ. ಹೊಸ್ತಿಲ ಮೇಲೆ ಕಾಲಿಡಬೇಡಿ, ಕ್ಯಾಮೆರಾ ಬ್ಯಾಗನ್ನೂ ಇಡಬೇಡಿ. ರಂಗೋಲಿ, ಅರಿಸಿನ-ಕುಂಕುಮ ಇದ್ದರೆ ಅದನ್ನು ಸರಿಸಿ ‘ಕ್ಲೀನ್’ ಮಾಡುವ ಆಸೆಯಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಹೋದರೆ ಬಾಗಿಲೇ ಕಾಣದಿರಬಹುದು. ಇರಚಲು ತಡೆಯಲು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿರುತ್ತಾರೆ. ಈಗೀಗ ಸೋಗೆಯ ಬದಲು ನೀಲಿ ಪ್ಲಾಸ್ಟಿಕ್ ಶೀಟೂ ಬಂದಿದೆ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ತಟ್ಟಿ ಇಲ್ಲದೆ ಗೋಡೆ ಉಳಿಯುವುದಿಲ್ಲ. ಮಳೆ ಬಿಟ್ಟು ತಟ್ಟಿ ಬಿಚ್ಚಿದ ಮೇಲೆ ಹೋಗಿ. ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳಕ್ಕೆ ಚಪ್ಪರ ಬಿದ್ದಿದ್ದರೆ ನೆರಳು ಮೆತ್ತಗಿರುತ್ತದೆ, ಫೋಟೊಗೆ ಒಳ್ಳೆಯದೇ. ಒಣಗಲು ಹರಡಿದ ಅಡಿಕೆ ಮೇಲೆ ಮಾತ್ರ ಕಾಲಿಡಬೇಡಿ.

ದೇವಸ್ಥಾನ, ಕೋಟೆ, ಮ್ಯೂಸಿಯಂಗಳಲ್ಲಿ ನಿಯಮ ಬೇರೆ. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರದಂಥ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಬಹುದು, ಟ್ರೈಪಾಡ್ ನಿಲ್ಲಿಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಗರ್ಭಗುಡಿ ಬಾಗಿಲಿನ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಅರ್ಚಕರನ್ನು ಕೇಳಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ, ಕುಪ್ಪಳಿಯ ಕವಿಮನೆಗೆ ಹೋದರೆ ಬಾಗಿಲಲ್ಲಿರುವ ಫಲಕ ಓದಿ, ಸಿಬ್ಬಂದಿಯನ್ನು ಕೇಳಿ ಮುಂದುವರಿಯಿರಿ.

2. ನಡುವೆ ನಿಲ್ಲಿ, ಹಿಂದೆ ಸರಿಯಿರಿ

ಮೊದಲು ಬಾಗಿಲಿನ ನಟ್ಟನಡುವಿಗೆ ಎದುರಾಗಿ ನಿಲ್ಲಬೇಕು. ಅಂದಾಜಿನಲ್ಲಿ ನಿಂತರೆ ಅರ್ಧ ಅಡಿ ಅತ್ತಿತ್ತ ಆಗಿಯೇ ಆಗುತ್ತದೆ. ಹಳೇ ಬಾಗಿಲಿನಲ್ಲಿ ಇದನ್ನು ಹಿಡಿಯಲು ಸುಲಭದ ಗುರುತಿದೆ. ದಾರಂದ ದಪ್ಪ ಮರದ್ದು. ಗೋಡೆ ಅದಕ್ಕಿಂತ ದಪ್ಪ. ಬಾಗಿಲು ತೆರೆದಿದ್ದಾಗ ಎಡಗಡೆಯ ಪಟ್ಟಿಯ ಒಳಮೈ ಎಷ್ಟು ಕಾಣುತ್ತದೆ, ಬಲಗಡೆಯದು ಎಷ್ಟು ಕಾಣುತ್ತದೆ ನೋಡಿ. ಎರಡೂ ಸಮ ಇದ್ದರೆ ನೀವು ನಡುವಿನಲ್ಲಿದ್ದೀರಿ. ಎಡಗಡೆಯದು ಜಾಸ್ತಿ ಕಂಡರೆ ನೀವು ಬಲಕ್ಕೆ ಸರಿದಿದ್ದೀರಿ. ಎಡಕ್ಕೆ ಬನ್ನಿ.

ಆಮೇಲೆ ದೂರ. ಫೋನಿನ 1ಎಕ್ಸ್ ಲೆನ್ಸ್ ಸಾಮಾನ್ಯವಾಗಿ 24-26 ಮಿಮೀ ಲೆಕ್ಕದ್ದು, ಅಗಲ ನೋಟದ್ದು. 6 ಅಡಿ ಬಾಗಿಲನ್ನು ಸುತ್ತ ಸ್ವಲ್ಪ ಗೋಡೆ ಸೇರಿಸಿ ತೆಗೆಯಲು ಅದಕ್ಕೆ ಸುಮಾರು 6 ಅಡಿ ದೂರ ಸಾಕು. 2ಎಕ್ಸ್‌ನಲ್ಲಾದರೆ ಅದೇ ಫೋಟೊಗೆ ಸುಮಾರು 12 ಅಡಿ ಹಿಂದೆ ನಿಲ್ಲಬೇಕು. ಜಾಗ ಇದ್ದರೆ 2ಎಕ್ಸ್ ಹಾಕಿ ಹಿಂದೆ ಸರಿಯುವುದೇ ಮೇಲು. ಹತ್ತಿರ ನಿಂತಾಗ ಕೈ ಒಂದು ಚೂರು ವಾಲಿದರೂ ಗೆರೆ ಎದ್ದು ವಾಲುತ್ತದೆ. ಹೊಸ್ತಿಲು, ಕೆತ್ತನೆಯಂಥ ಮುಂದೆ ಚಾಚಿದ ಭಾಗಗಳೂ ಅತಿಯಾಗಿ ಉಬ್ಬಿ ಕಾಣುತ್ತವೆ. ದೂರದಿಂದ ಎರಡೂ ತಗ್ಗುತ್ತವೆ. ನಿಮ್ಮ ಫೋನಿನ 2ಎಕ್ಸ್ ನಿಜವಾದ ಲೆನ್ಸ್ ಅಲ್ಲದೆ ಬರೀ ಕತ್ತರಿಸಿ ಹಿಗ್ಗಿಸಿದ್ದಾದರೂ ಈ ಲಾಭ ಸಿಗುತ್ತದೆ. ಪರ್ಸ್‌ಪೆಕ್ಟಿವ್ ನಿರ್ಧಾರ ಆಗುವುದು ನೀವು ಎಲ್ಲಿ ನಿಂತಿದ್ದೀರಿ ಎಂಬುದರಿಂದ, ಯಾವ ಲೆನ್ಸ್ ಹಾಕಿದ್ದೀರಿ ಎಂಬುದರಿಂದ ಅಲ್ಲ.

0.5ಎಕ್ಸ್ ಮುಟ್ಟಲೇಬೇಡಿ. ಇಕ್ಕಟ್ಟು ಓಣಿಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

3. ಎತ್ತರ ಸರಿಮಾಡಿಕೊಳ್ಳಿ

ಮಲೆನಾಡಿನಲ್ಲಿ ಅರ್ಧಕ್ಕರ್ಧ ಫೋಟೊ ಕೆಡುವುದು ಇಲ್ಲಿ. ಲೆನ್ಸ್ ಬಾಗಿಲಿನ ಅರ್ಧ ಎತ್ತರಕ್ಕೆ ಸಮನಾಗಿರಬೇಕು. ಆಗ ಫೋನನ್ನು ಮೇಲೂ ಕೆಳಗೂ ವಾಲಿಸುವ ಅಗತ್ಯ ಬೀಳುವುದಿಲ್ಲ.

ಜಗಲಿ ಮೇಲೆ ನಿಂತು ತೆಗೆಯುತ್ತೀರಿ ಅಂದುಕೊಳ್ಳಿ. ತಲೆ ಬಗ್ಗಿಸಿ ಒಳಹೋಗುವ ಬಾಗಿಲು, ಅದರ ನಡು 3 ಅಡಿಗೂ ಕಡಿಮೆ ಎತ್ತರದಲ್ಲಿದೆ. ನಿಮ್ಮ ಕಣ್ಣು 5 ಅಡಿಯಲ್ಲಿದೆ. ಫೋನು ತಾನಾಗಿ ಕೆಳಕ್ಕೆ ಬಗ್ಗುತ್ತದೆ, ಬಾಗಿಲು ಕೆಳಗೆ ಕಿರಿದಾಗುತ್ತದೆ. ಮಂಡಿಯೂರಿ ಕೂರಿ, ಬೇರೆ ಉಪಾಯ ಇಲ್ಲ.

ಅಂಗಳಕ್ಕೆ ಇಳಿದರೆ ಲೆಕ್ಕ ಬದಲಾಗುತ್ತದೆ. ಜಗಲಿ ಎರಡೂವರೆ ಅಡಿ ಎತ್ತರ, ಬಾಗಿಲು 6 ಅಡಿ ಅಂದರೆ ಬಾಗಿಲಿನ ನಡು ಅಂಗಳದಿಂದ ಐದೂವರೆ ಅಡಿ. ಅದು ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟವೇ. ನಿಂತಲ್ಲೇ ಫೋನ್ ಹಿಡಿದರೆ ಸರಿಹೋಗುತ್ತದೆ. ದೂರವೂ ಸಿಗುತ್ತದೆ. ಆದ್ದರಿಂದ ಮೊದಲು ಅಂಗಳದಿಂದಲೇ ಪ್ರಯತ್ನಿಸಿ.

ಅಂಗಳದಲ್ಲಿ ಎದುರಾಗುವ ಶತ್ರು ಸೂರು. ಹೆಂಚಿನ ಮಾಡು ಮುಂದಕ್ಕೆ ಇಳಿದು ಬಾಗಿಲಿನ ಮೇಲ್ತುದಿಯನ್ನು ಮುಚ್ಚುತ್ತದೆ. ಹಿಂದೆ ಸರಿದಷ್ಟೂ ಸೂರು ಇನ್ನೂ ಅಡ್ಡ ಬರುತ್ತದೆ. ಆಗ ಹೀಗೆ ಮಾಡಿ. ಸೂರಿನ ಅಂಚಿನ ಕೆಳಗಿನಿಂದ ಬಾಗಿಲ ಮೇಲ್ಪಟ್ಟಿ ಪೂರ್ತಿ ಕಾಣುವಷ್ಟು ಕುಕ್ಕರುಗಾಲಲ್ಲಿ ಕೂರಿ. ಫೋನನ್ನು ಮೇಲಕ್ಕೆ ವಾಲಿಸಬೇಡಿ, ಗೋಡೆಗೆ ಸಮಾನಾಂತರವಾಗಿ ನೆಟ್ಟಗೇ ಹಿಡಿಯಿರಿ. 2ಎಕ್ಸ್ ಬಿಟ್ಟು 1ಎಕ್ಸ್ ಹಾಕಿ. ಬಾಗಿಲು ಫೋಟೊದ ಮೇಲರ್ಧದಲ್ಲಿ ಬರುತ್ತದೆ, ಕೆಳಗೆ ಬರೀ ಅಂಗಳ ತುಂಬಿರುತ್ತದೆ. ಅಂಗಳವನ್ನು ಆಮೇಲೆ ಕತ್ತರಿಸಿ ಬಿಸಾಡಿ. ಲಕ್ಷ ರೂಪಾಯಿಯ ಶಿಫ್ಟ್ ಲೆನ್ಸ್ ಮಾಡುವುದೂ ಇದನ್ನೇ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಅರ್ಧ ಹೋದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಎ4 ಗಾತ್ರದ ಪ್ರಿಂಟಿಗೆ ಸಾಕು. ದೇವಸ್ಥಾನದ ಎತ್ತರದ ದ್ವಾರಕ್ಕೂ ಕೋಟೆ ಹೆಬ್ಬಾಗಿಲಿಗೂ ಇದೇ ಉಪಾಯ.

ಫೋನ್ ನೆಟ್ಟಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿ. ಪರದೆಯ ಮೇಲೆ ಅಡ್ಡ-ಉದ್ದ ಗೆರೆಗಳು ಬರುತ್ತವೆ. ಲೆವೆಲ್ ಇದ್ದರೆ ಅದನ್ನೂ ಆನ್ ಮಾಡಿ. ಆದರೆ ಗಮನಿಸಿ, ಹೆಚ್ಚಿನ ಫೋನುಗಳ ಲೆವೆಲ್ ಗೆರೆ ಎಡ-ಬಲ ವಾಲಿದ್ದನ್ನು ಮಾತ್ರ ಹೇಳುತ್ತದೆ, ಮೇಲೆ-ಕೆಳಗೆ ಬಗ್ಗಿದ್ದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ನಿಮ್ಮ ಫೋನ್ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದ ವಸ್ತು ಪರದೆಯ ನಟ್ಟನಡು ಮಟ್ಟದಲ್ಲಿ ಬಂದರೆ ಫೋನ್ ನೆಟ್ಟಗಿದೆ. ಉದಾಹರಣೆಗೆ, ಹತ್ತಿರ ಹೋಗಿ ಅಗುಳಿ ನಿಮ್ಮ ಗದ್ದದ ಮಟ್ಟಕ್ಕಿದೆ ಎಂದು ನೋಡಿಕೊಳ್ಳಿ. ನಿಂತ ನೆಲ ಅದೇ ಮಟ್ಟದ್ದಾಗಿದ್ದರೆ, ಹಿಂದೆ ಬಂದು ಫೋನನ್ನು ಗದ್ದದ ಮಟ್ಟಕ್ಕೆ ಹಿಡಿದಾಗ ಅಗುಳಿ ಪರದೆಯ ನಡುವಿಗೆ ಬರಬೇಕು. ಮೇಲೆ ಬಂದರೆ ಫೋನ್ ಕೆಳಕ್ಕೆ ಬಗ್ಗಿದೆ ಎಂದರ್ಥ.

4. ದಾರ ಇಳಿಬಿಡಿ

ಹಳೇ ಬಾಗಿಲಿನ ತಾಪತ್ರಯ ಇದು: ಗ್ರಿಡ್ ಗೆರೆಯನ್ನು ಯಾವುದಕ್ಕೆ ಹೊಂದಿಸುವುದು? ದಾರಂದಕ್ಕೆ ಹೊಂದಿಸೋಣ ಎಂದರೆ ದಾರಂದವೇ ವಾಲಿದೆ. ಗೋಡೆಯ ಅಂಚಿಗೆ ಹೊಂದಿಸೋಣ ಎಂದರೆ ಮಣ್ಣಿನ ಗೋಡೆಗೆ ನೇರ ಅಂಚೇ ಇಲ್ಲ.

ಗಾರೆ ಕೆಲಸದವರು ತೂಕದ ಗುಂಡು ಇಳಿಬಿಟ್ಟು ಗೋಡೆ ನೋಡುವುದನ್ನು ಕಂಡಿರುತ್ತೀರಿ. ನಾವೂ ಅದನ್ನೇ ಮಾಡೋಣ. ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ದಾರ ಇಳಿಬಿಡಿ, ತುದಿಗೆ ಬೀಗದ ಕೈ ಗೊಂಚಲು ಕಟ್ಟಿ. ತೋರಣ ಕಟ್ಟುವ ಮೊಳೆ ಹೇಗೂ ಇರುತ್ತದೆ, ಅದಕ್ಕೇ ಸಿಕ್ಕಿಸಬಹುದು. ಹೊಸ ಮೊಳೆ ಹೊಡೆಯಬೇಡಿ. ದಾರ ಬಾಗಿಲಿನ ಸಮತಲಕ್ಕೆ ಆದಷ್ಟು ಹತ್ತಿರ ಇರಲಿ, ಗೋಡೆಗೆ ತಾಗದಿರಲಿ. ಅಲುಗಾಟ ನಿಲ್ಲುವವರೆಗೆ ಕಾಯಿರಿ.

ಈಗ ಒಂದು ಫೋಟೊ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ಅಲುಗಿಸದೆ, ಜೊತೆಗಿರುವವರಿಂದ ದಾರ ತೆಗೆಸಿ, ಇನ್ನೊಂದು ತೆಗೆಯಿರಿ. ಮೊದಲನೆಯದು ಅಳತೆಗೆ, ಎರಡನೆಯದು ಇಟ್ಟುಕೊಳ್ಳಲು. ಈ ಕೆಲಸಕ್ಕೆ ಟ್ರೈಪಾಡ್ ಬೇಕು. ಇಲ್ಲದಿದ್ದರೆ ಫೋನನ್ನು ಸ್ಟೂಲಿನ ಮೇಲೆ ಯಾವುದಕ್ಕಾದರೂ ಒರಗಿಸಿ, ಟೈಮರ್ ಹಾಕಿ.

ಒಂದೇ ದಾರ ಸಾಲದಾ ಅಂತ ಕೇಳುತ್ತಾರೆ. ಸಾಲದು. ಒಂದು ದಾರ ವಾಲಿದ್ದರೆ ಫೋನ್ ಪಕ್ಕಕ್ಕೆ ವಾಲಿದ್ದಕ್ಕೋ, ಮೇಲಕ್ಕೆ ಎತ್ತಿದ್ದಕ್ಕೋ ಗೊತ್ತಾಗುವುದಿಲ್ಲ. ಎರಡು ದಾರ ಒಂದೇ ಕಡೆಗೆ ವಾಲಿದ್ದರೆ ಫೋನ್ ಪಕ್ಕಕ್ಕೆ ವಾಲಿದೆ. ಒಂದರತ್ತ ಒಂದು ವಾಲಿದ್ದರೆ ಮೇಲಕ್ಕೋ ಕೆಳಕ್ಕೋ ಬಗ್ಗಿದೆ.

ಇದೇ ಹೊತ್ತಲ್ಲಿ ಟೇಪು ಹಿಡಿದು ದಾರಂದದ ಹೊರ ಅಗಲ, ಹೊರ ಎತ್ತರ ಅಳೆದು ಬರೆದುಕೊಳ್ಳಿ. ಎಂಟನೇ ಹಂತದಲ್ಲಿ ಬೇಕಾಗುತ್ತದೆ.

5. ಬೆಳಕು

ಬೀಟೆ, ಹಲಸು, ಹೊನ್ನೆಯ ಹಳೇ ಬಾಗಿಲು ಹೊಗೆ, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಕ್ಯಾಮೆರಾಗೆ ಕಪ್ಪು ಕಂಡರೆ ಆಗುವುದಿಲ್ಲ, ಅದನ್ನು ಬೂದು ಮಾಡಲು ಹೋಗುತ್ತದೆ. ಮರ ತೊಳೆದಿಟ್ಟಂತೆ ಪೇಲವ ಆಗುತ್ತದೆ, ಅಂಗಳದ ಕಡೆ ಸುಟ್ಟು ಬಿಳಿಚುತ್ತದೆ. ಫೋನಿನಲ್ಲಿ ಬಾಗಿಲನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು-ಕಡಿಮೆ ಮಾಡುವ ಆಯ್ಕೆ) ಮೈನಸ್ 0.7 ಅಥವಾ ಮೈನಸ್ 1. ಅಪರ್ಚರ್, ಅಂದರೆ ಲೆನ್ಸಿನ ಕಂಡಿಯ ಅಳತೆ, ಎಫ್/8 ಇಟ್ಟರೆ ಹೊಸ್ತಿಲಿನಿಂದ ಒಳಗಿನ ಕದದವರೆಗೆ ಎಲ್ಲವೂ ಸ್ಪಷ್ಟ.

ಮೋಡದ ದಿನ ಬಾಗಿಲಿಗೆ ಒಳ್ಳೆಯದು. ಕೆತ್ತನೆ ತೋರಿಸಬೇಕಾದರೆ ಮಾತ್ರ ಬೆಳಗ್ಗೆ ಅಥವಾ ಸಂಜೆ ಪಕ್ಕದಿಂದ ಜಾರಿ ಬೀಳುವ ಬಿಸಿಲು ಬೇಕು. ಎದುರಿನಿಂದ ಬಿದ್ದ ಬೆಳಕಿನಲ್ಲಿ ಹೂಬಳ್ಳಿ ಎಲ್ಲ ಚಪ್ಪಟೆ. ಫ್ಲ್ಯಾಶ್ ಬೇಡ, ಎಣ್ಣೆ ಹಚ್ಚಿದ ಮರದ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ.

ಬಣ್ಣದಲ್ಲೂ ಒಂದು ಮೋಸ ಇದೆ. ಕೆಂಪು ಗಾರೆ ನೆಲದಿಂದ ಪುಟಿದ ಬೆಳಕು ಬಾಗಿಲಿನ ಕೆಳಭಾಗವನ್ನು ಕೆಂಪಾಗಿಸುತ್ತದೆ. ಎದುರಿಗೆ ತೋಟ ಇದ್ದರೆ ಮೇಲ್ಭಾಗಕ್ಕೆ ಹಸಿರು ಛಾಯೆ. ಒಂದು ಬಿಳಿ ಹಾಳೆಯನ್ನು ಬಾಗಿಲಿಗೆ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ಬಣ್ಣ ಸರಿಮಾಡಲು ಆಧಾರ ಸಿಗುತ್ತದೆ.

6. ತಿದ್ದುವ ಮೊದಲು ಕಾಯಿಲೆ ಗುರುತಿಸಿ

ಸುಮ್ನೆ ಸ್ಲೈಡರ್ ಎಳೆಯಬೇಡಿ. ಫೋಟೊವನ್ನು ದೊಡ್ಡದು ಮಾಡಿ ನಾಲ್ಕು ಗೆರೆ ನೋಡಿ: ಎಡ, ಬಲ, ಮೇಲಿನ ಪಟ್ಟಿ, ಹೊಸ್ತಿಲು.

ಎಡ-ಬಲ ಗೆರೆಗಳು ಮೇಲೆ ಹತ್ತಿರ ಬಂದಿದ್ದರೆ ಫೋನ್ ಮೇಲಕ್ಕೆ ಎತ್ತಿತ್ತು. ಕೆಳಗೆ ಹತ್ತಿರ ಬಂದಿದ್ದರೆ ಕೆಳಕ್ಕೆ ಬಗ್ಗಿತ್ತು. ಮೇಲಿನ ಪಟ್ಟಿ ಮತ್ತು ಹೊಸ್ತಿಲು ಒಂದು ಪಕ್ಕದಲ್ಲಿ ಹತ್ತಿರ, ಇನ್ನೊಂದು ಪಕ್ಕದಲ್ಲಿ ದೂರ ಇದ್ದರೆ ನೀವು ಓರೆಯಾಗಿ ನಿಂತಿದ್ದಿರಿ. ನಾಲ್ಕೂ ಗೆರೆ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ತಿರುಗಿದ್ದರೆ ಬರೀ ಕೈ ಸೊಟ್ಟ. ಒಂದೇ ಒಂದು ಗೆರೆ ವಾಲಿ ಉಳಿದ ಮೂರು ಸರಿ ಇದ್ದರೆ ಅದು ಕ್ಯಾಮೆರಾದ ಓರೆ ಅಲ್ಲ. ಅದು ಬಾಗಿಲಿನದ್ದೇ. ಅದನ್ನು ಮುಟ್ಟಬೇಡಿ.

7. ತಿದ್ದುವ ಕ್ರಮ

ಕ್ರಮ ಮುಖ್ಯ: ಲೆನ್ಸ್‌ನ ಬಾಗು, ಆಮೇಲೆ ಸೊಟ್ಟ, ಆಮೇಲೆ ಮೇಲೆ-ಕೆಳಗಿನ ವಾಲಿಕೆ, ಆಮೇಲೆ ಎಡ-ಬಲದ್ದು, ಕೊನೆಗೆ ಕತ್ತರಿಸುವುದು. ಬಾಗಿದ ಗೆರೆಯನ್ನು ಇಟ್ಟುಕೊಂಡು ವಾಲಿಕೆ ತಿದ್ದಲು ಹೋದರೆ ಒಂದು ತುದಿ ಸರಿಯಾದಾಗ ಇನ್ನೊಂದು ಕೆಡುತ್ತದೆ.

ಫೋನಿನಲ್ಲೇ ಮಾಡುವವರಿಗೆ ಸ್ನ್ಯಾಪ್‌ಸೀಡ್ ಸಾಕು, ಉಚಿತ. ಅದರಲ್ಲಿ ಪರ್ಸ್‌ಪೆಕ್ಟಿವ್ ಎಂಬ ಟೂಲ್ ಇದೆ. ಟಿಲ್ಟ್ ಆಯ್ಕೆಯಲ್ಲಿ ಬೆರಳನ್ನು ಮೇಲೆ-ಕೆಳಗೆ ಎಳೆದರೆ ಲಂಬ ಗೆರೆ ಸರಿಯಾಗುತ್ತದೆ, ಅಡ್ಡ ಎಳೆದರೆ ಅಡ್ಡ ಗೆರೆ. ಐಫೋನಿನಲ್ಲಿ ಬೇರೆ ಆ್ಯಪ್ ಕೂಡ ಬೇಡ. ಫೋಟೋಸ್‌ನ ಕ್ರಾಪ್ ಒಳಗೆ ಸೊಟ್ಟ, ಲಂಬ, ಅಡ್ಡ ಎಂದು ಮೂರು ಸ್ಲೈಡರ್ ಇವೆ.

ಕಂಪ್ಯೂಟರಿನಲ್ಲಿ ಲೈಟ್‌ರೂಮ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್ ಇದ್ದರೆ ಟ್ರಾನ್ಸ್‌ಫಾರ್ಮ್ ಎಂಬ ವಿಭಾಗಕ್ಕೆ ಹೋಗಿ. ಅಲ್ಲಿ ಆಟೊ, ಲೆವೆಲ್, ವರ್ಟಿಕಲ್, ಫುಲ್, ಗೈಡೆಡ್ ಎಂಬ ಗುಂಡಿಗಳಿವೆ. ಆಟೊ ಮತ್ತು ಫುಲ್ ಹೊಸ ಕಟ್ಟಡಕ್ಕೆ ಪರವಾಗಿಲ್ಲ. ಹಳೇ ಬಾಗಿಲಿಗೆ ಬೇಡ. ಸಾಫ್ಟ್‌ವೇರ್ ವಾಲಿದ ದಾರಂದವನ್ನೇ ಲಂಬ ಎಂದು ನಂಬಿ, ಸರಿ ಇದ್ದ ಗೋಡೆಯನ್ನು ಓರೆ ಮಾಡಿ ಕೂರುತ್ತದೆ. ಗೈಡೆಡ್ ಒತ್ತಿ, ದಾರದ ಫೋಟೊ ತೆರೆದು, ಎರಡು ದಾರಗಳ ಮೇಲೆ ಎರಡು ಗೆರೆ ಎಳೆಯಿರಿ. ಕೆಲಸ ಮುಗಿಯಿತು. ಆ ತಿದ್ದುಪಡಿಯನ್ನು ಕಾಪಿ ಮಾಡಿ ದಾರ ಇಲ್ಲದ ಫೋಟೊಗೆ ಪೇಸ್ಟ್ ಮಾಡಿ. ಈಗ ದಾರಂದ ಬಲಕ್ಕೆ ಒಂದಿಷ್ಟು ವಾಲಿ ನಿಂತಿದ್ದರೆ ಅದು ನಿಜವಾಗಿಯೂ ಹಾಗೇ ಇದೆ.

ಹಣ ಕೊಡದೆ ಕಂಪ್ಯೂಟರಿನಲ್ಲಿ ಮಾಡಬೇಕೆಂದರೆ ಡಾರ್ಕ್‌ಟೇಬಲ್ ಇದೆ, ಗಿಂಪ್ ಇದೆ. ಗಿಂಪ್‌ನಲ್ಲಿ ಪರ್ಸ್‌ಪೆಕ್ಟಿವ್ ಟೂಲ್ ತೆಗೆದುಕೊಂಡು ದಿಕ್ಕನ್ನು ಕರೆಕ್ಟಿವ್ ಎಂದು ಬದಲಿಸಿ. ನಾಲ್ಕು ಮೂಲೆಗಳನ್ನು ಹೊಂದಿಸುವಾಗ ದಾರಂದದ ಮೂಲೆಗೆ ಹಿಡಿಯಬೇಡಿ, ದಾರಗಳಿಗೆ ಹಿಡಿಯಿರಿ.

ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಬಾಗಿಲಿನ ನಾಲ್ಕು ಮೂಲೆ ಒತ್ತಿ ‘ಚೌಕ’ ಮಾಡುವವರಿದ್ದಾರೆ. ರೇಷನ್ ಕಾರ್ಡಿಗೆ ಅದು ಸರಿ. ಬಾಗಿಲಿಗೆ ಹಾಗೆ ಮಾಡಿದರೆ ಅದರ ಸ್ವಂತ ಓರೆಯೂ ಅಳಿಸಿಹೋಗುತ್ತದೆ.

8. ಉದ್ದ-ಅಗಲ ಪರೀಕ್ಷಿಸಿ

ವಾಲಿಕೆ ತಿದ್ದಿದಾಗ ಚಿತ್ರ ಹಿಗ್ಗುತ್ತದೆ. ಗಿಡ್ಡ ಬಾಗಿಲು ಉದ್ದವಾಗಿ, ಕೃಶವಾಗಿ ನಿಂತುಬಿಡಬಹುದು. ನಮ್ಮ ಕಡೆಯ ಬಾಗಿಲಿನ ಗತ್ತು ಇರುವುದೇ ಆ ಗಿಡ್ಡ, ಅಗಲ ಮೈಕಟ್ಟಿನಲ್ಲಿ. ಅದು ಹೋದರೆ ಏನುಳಿಯಿತು?

ಬರೆದುಕೊಂಡು ಬಂದ ಅಳತೆ ಈಗ ತೆಗೆಯಿರಿ. ದಾರಂದ 4 ಅಡಿ ಅಗಲ, 6 ಅಡಿ ಎತ್ತರ ಇದ್ದರೆ ಫೋಟೊದಲ್ಲೂ ಅಗಲದ ಒಂದೂವರೆ ಪಟ್ಟು ಎತ್ತರ ಬರಬೇಕು. ಬರದಿದ್ದರೆ ಲೈಟ್‌ರೂಮ್‌ನಲ್ಲಿ ಆಸ್ಪೆಕ್ಟ್ ಸ್ಲೈಡರ್, ಗಿಂಪ್‌ನಲ್ಲಿ ಸ್ಕೇಲ್ ಟೂಲ್. ಅಳತೆ ತಂದಿಲ್ಲದಿದ್ದರೆ ಬಾಗಿಲ ಮೇಲಿನ ದುಂಡನೆಯ ವಸ್ತು ಹುಡುಕಿ. ಕದಕ್ಕೆ ಹೊಡೆದ ಉಬ್ಬು ಮೊಳೆಯ ತಲೆ ಇರಬಹುದು, ಹಿತ್ತಾಳೆ ಬಳೆಯ ಹಿಂದಿನ ಬಿಲ್ಲೆ ಇರಬಹುದು. ಅದನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ದುಂಡಗಿದ್ದರೆ ಅನುಪಾತ ಸರಿ. ಮೊಟ್ಟೆಯಾಗಿದ್ದರೆ ಇನ್ನೂ ಕೆಲಸ ಇದೆ.

ಜಾರಿ ಬೀಳುವ ಜಾಗಗಳು

*ಅತಿ ತಿದ್ದುವಿಕೆ.* ಕೋಟೆಯ ಗೋಡೆಯನ್ನು ಕೆಳಗೆ ಅಗಲ, ಮೇಲೆ ಕಿರಿದಾಗಿ ಕಟ್ಟುವುದು ವಾಡಿಕೆ. ಕವಲೇದುರ್ಗಕ್ಕೋ ಹೊಸನಗರ ತಾಲೂಕಿನ ನಗರ ಕೋಟೆಗೋ ಹೋಗಿ ತೆಗೆದ ಫೋಟೊದಲ್ಲಿ ಹೆಬ್ಬಾಗಿಲ ಅಕ್ಕಪಕ್ಕದ ಕಲ್ಲುಗೋಡೆ ಒಳಕ್ಕೆ ವಾಲಿದ್ದರೆ ಎಲ್ಲ ವಾಲಿಕೆಯೂ ನಿಮ್ಮದಲ್ಲ. ಅದನ್ನು ಲಂಬ ಮಾಡಿದರೆ ಬಾಗಿಲಿನ ಕಂಬಗಳು ಮೇಲೆ ಅಗಲವಾಗುತ್ತವೆ. ತಿದ್ದುವುದು ಬಾಗಿಲನ್ನು ನೋಡಿ, ಗೋಡೆಯನ್ನಲ್ಲ.

*ಸಾಫ್ಟ್‌ವೇರ್ ಸರಿ ಮಾಡಲಾಗದ್ದು.* ಪರ್ಸ್‌ಪೆಕ್ಟಿವ್ ಟೂಲ್ ತಿದ್ದುವುದು ಒಂದು ಸಮತಲವನ್ನು ಮಾತ್ರ. ಕೆಳಗೆ ಕೂತು ಮೇಲಕ್ಕೆ ವಾಲಿಸಿ ತೆಗೆದಿದ್ದರೆ ಮೇಲಿನ ಪಟ್ಟಿಯ ಅಡಿಭಾಗ ಫೋಟೊದಲ್ಲಿ ಕಂಡಿರುತ್ತದೆ. ಕದವನ್ನು ಎಷ್ಟೇ ನೆಟ್ಟಗೆ ಮಾಡಿದರೂ ಆ ಅಡಿಭಾಗ ಮಾಯ ಆಗುವುದಿಲ್ಲ. ಜಗಲಿ ಕಂಬ ಮುಂದಿದ್ದರೆ ಅದು ಎಲ್ಲಿ ಅಡ್ಡ ಬಂದಿತ್ತೋ ಅಲ್ಲೇ ಉಳಿಯುತ್ತದೆ. ತೀರಾ ವಾಲಿದ ಫೋಟೊವನ್ನು ಎಳೆದಾಡುವ ಬದಲು ಇನ್ನೊಮ್ಮೆ ಹೋಗಿ ತೆಗೆಯುವುದು ಮೇಲು.

*ಅಂಚು ತುಂಬುವ ಆಟ.* ತಿದ್ದಿದ ಮೇಲೆ ಮೂಲೆಗಳು ಖಾಲಿಯಾಗುತ್ತವೆ. ಸ್ನ್ಯಾಪ್‌ಸೀಡ್ ಅದನ್ನು ತಾನೇ ಊಹಿಸಿ ತುಂಬುತ್ತದೆ. ಬರೀ ಸುಣ್ಣದ ಗೋಡೆಗೆ ನಡೆಯುತ್ತದೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಬಾಗಿಲಿನ ಸುತ್ತ ಹಸೆ ಚಿತ್ತಾರ ಇರುತ್ತದೆ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಎಳೆಗಳು. ಅಲ್ಲಿ ಆ್ಯಪ್ ತುಂಬಿದರೆ ಯಾರೂ ಬರೆಯದ ಎಳೆಗಳು ಹುಟ್ಟಿಕೊಳ್ಳುತ್ತವೆ. ಆದ್ದರಿಂದ ತೆಗೆಯುವಾಗಲೇ ಬಾಗಿಲಿನ ಸುತ್ತ ಧಾರಾಳ ಜಾಗ ಬಿಡಿ, ತಿದ್ದಿದ ಮೇಲೆ ಖಾಲಿ ಮೂಲೆ ಹೋಗುವಷ್ಟು ಕತ್ತರಿಸಿ. ಚಿತ್ತಾರದ ಎಳೆಯನ್ನು ನೇರ ಗೆರೆ ಎಂದು ಗೈಡ್‌ಗೆ ಬಳಸಬೇಡಿ. ಎಷ್ಟೇ ನೇರ ಕಂಡರೂ ಅದು ಕೈಯಲ್ಲಿ ಎಳೆದದ್ದು.

*ಲೆನ್ಸ್ ಮೇಲಿನ ಆವಿ.* ಎಸಿ ಕಾರಿನಿಂದ ಇಳಿದ ತಕ್ಷಣ ಮಲೆನಾಡಿನ ಒದ್ದೆ ಗಾಳಿ ಲೆನ್ಸಿಗೆ ಕೂರುತ್ತದೆ. ಫೋಟೊ ಮಂಜು ಮಂಜಾಗುತ್ತದೆ. ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ.

ಇಡುವುದು, ಹಂಚುವುದು

ಮೂಲ ಫೋಟೊ ಅಳಿಸಬೇಡಿ. ತಿದ್ದಿದ್ದನ್ನು ಬೇರೆ ಹೆಸರಲ್ಲಿ ಇಡಿ, ದಾರದ ಫೋಟೊವನ್ನೂ ಜೊತೆಗಿಡಿ. ಮುಂದೆ ಆ ಮನೆ ರಿಪೇರಿ ಮಾಡುವವರಿಗೆ ದಾರಂದ ಎಷ್ಟು ವಾಲಿತ್ತು ಎಂಬುದಕ್ಕೆ ಅದೇ ದಾಖಲೆ.

ಹಂಚುವ ಮೊದಲು ಫೋಟೊದಲ್ಲಿರುವ ಜಿಪಿಎಸ್ ಮಾಹಿತಿ ತೆಗೆದುಹಾಕಿ. ಮನೆ ನಂಬರು, ಕರೆಂಟ್ ಮೀಟರಿನ ಬೋರ್ಡು ಕಾಣುತ್ತಿದ್ದರೆ ಕತ್ತರಿಸಿ. ಹಳೇ ಬಾಗಿಲು, ಕಂಬಗಳಿಗೆ ಗಿರಾಕಿಗಳಿದ್ದಾರೆ, ಒಂಟಿ ಮನೆಯಲ್ಲಿ ವಯಸ್ಸಾದವರೇ ಇರುವ ಕಡೆ ಊರಿನ ಹೆಸರು ಹಾಕುವ ಮೊದಲು ಅವರನ್ನೇ ಒಂದು ಮಾತು ಕೇಳಿ. ಕೇಳಲು ಹೋದಾಗ ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ ಕೊಡಿ. ಶಿವಮೊಗ್ಗ, ಸಾಗರದ ಯಾವ ಸ್ಟುಡಿಯೊದಲ್ಲಾದರೂ ಹಾಕಿಕೊಡುತ್ತಾರೆ. ‘ಹಾಗೇ ಹಾಕಿ, ಕಟ್ ಮಾಡಬೇಡಿ’ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಕಾಗದದ ಅಳತೆಗೆ ಹೊಂದಿಸಲು ಹೊಸ್ತಿಲನ್ನೋ ಮೇಲಿನ ಪಟ್ಟಿಯನ್ನೋ ಕತ್ತರಿಸಿಬಿಡುತ್ತಾರೆ.